ಅತ್ತೆಯ ನಿದ್ದೆಯೂ ಎಂಜಿನ್ನಿನ ದೋಷವೂ

ಕಾರಿನ ಬಗ್ಗೆ ತಿದ್ದಣ್ಣನಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಕೀಲಿ ಎಲ್ಲಿ ತಿರುಗಿಸಬೇಕು, ಪೆಟ್ರೋಲು ಎಲ್ಲಿ ಸುರಿಯಬೇಕು. ಕಾರು ಕೊಂಡ ಆರು ವರ್ಷದಲ್ಲಿ ಒಮ್ಮೆ ಮಾತ್ರ ಅವನು ಬಾನೆಟ್ಟು ಎತ್ತಿ ನೋಡಿದ್ದ. ಯಾರೋ ಸ್ನಾನ ಮಾಡುತ್ತಿರುವ ಕೋಣೆಯ ಬಾಗಿಲು ತೆರೆದವನ ಹಾಗೆ ಗಾಬರಿಯಾಗಿ, ಸದ್ದಾಗದಂತೆ ಮುಚ್ಚಿಬಿಟ್ಟಿದ್ದ. ಇಷ್ಟಾದರೂ ಎಂಜಿನ್ನಿನ ವಿಷಯ ಬಂದರೆ ಬೀದಿಯಲ್ಲಿ ಅವನ ಮಾತೇ ಕೊನೆಯ ಮಾತು. ಇದು ಹೇಗಾಯಿತು ಎನ್ನುವುದೇ ಕಥೆ.

ತಿದ್ದಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುವುದು ಅವನ ಉದ್ಯೋಗ. ಅಲ್ಲಿ ಅಚ್ಚಾಗುತ್ತಿದ್ದದ್ದು ಬಸ್ಸಿನ ವೇಳಾಪಟ್ಟಿ, ಪರೀಕ್ಷೆಯ ಫಲಿತಾಂಶ, ಸಂಘಗಳ ಸದಸ್ಯರ ಯಾದಿ. ಒಬ್ಬರು ಮೂಲಪ್ರತಿ ಹಿಡಿದು ಕೂರಬೇಕು, ತಿದ್ದಣ್ಣ ಕರಡನ್ನು ಗಟ್ಟಿಯಾಗಿ ಓದಬೇಕು, ಅದೂ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು ಎಲ್ಲವನ್ನೂ ಸೇರಿಸಿ, ಏರಿಲ್ಲದೆ ಇಳಿವಿಲ್ಲದೆ ಒಂದೇ ದನಿಯಲ್ಲಿ. ದನಿ ಏರಿಸಿದರೆ ಅರ್ಥದ ಕಡೆ ಗಮನ ಹೋಗಿ ತಪ್ಪು ನುಸುಳುತ್ತದೆ ಎಂದು ಅವನ ಗುರುಗಳು ಹೇಳಿಕೊಟ್ಟಿದ್ದರು. ಅವನ ಎದುರು ಮೂಲಪ್ರತಿ ಹಿಡಿಯಲು ಬಂದವರು ಯಾರೂ ಮೂರು ತಿಂಗಳ ಮೇಲೆ ಆ ಕುರ್ಚಿಯಲ್ಲಿ ಉಳಿದಿರಲಿಲ್ಲ. ಕೋಣೆಗೆ ಗಾಳಿ ಬೆಳಕು ಸಾಲದು, ಅದಕ್ಕೇ ಬಿಟ್ಟುಹೋಗುತ್ತಾರೆ ಎಂದು ತಿದ್ದಣ್ಣ ನಂಬಿದ್ದ.

ಹಿಂದಿನ ವರ್ಷ ಮಾವನವರು ತೀರಿಕೊಂಡ ಮೇಲೆ ಅತ್ತೆ ಇವರ ಮನೆಗೆ ಬಂದರು. ಬಂದವರಿಗೆ ನಿದ್ದೆಯೇ ಇಲ್ಲ. ನಲವತ್ತೊಂದು ವರ್ಷ ಗಂಡನ ಗೊರಕೆ ಕೇಳುತ್ತ ಮಲಗಿದ ಜೀವ ಅದು. ಈಗ ಸದ್ದಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಕಿವಿ ತೆರೆದುಕೊಳ್ಳುತ್ತಿತ್ತು. ಮಲಗಲಾಗದೆ ಅವರು ಮನೆಯ ಸಾಮಾನು ಜೋಡಿಸುತ್ತಿದ್ದರು. ಬೆಳಿಗ್ಗೆ ಎದ್ದವರಿಗೆ ಸಕ್ಕರೆಯ ಡಬ್ಬದಲ್ಲಿ ಉಪ್ಪು ಸಿಗುತ್ತಿತ್ತು, ಇಸ್ತ್ರಿಪೆಟ್ಟಿಗೆ ಪುಸ್ತಕದ ಕಪಾಟಿನಲ್ಲಿ ಸಿಗುತ್ತಿತ್ತು. ವೈದ್ಯರು ಕೊಟ್ಟ ಮಾತ್ರೆಯಿಂದ ತಲೆ ತಿರುಗಿತೇ ಹೊರತು ರೆಪ್ಪೆ ಕೂಡಲಿಲ್ಲ. ಮುದುಕಿ ದಿನದಿನಕ್ಕೆ ಸೊರಗುವುದನ್ನು ನೋಡಿ ತಿದ್ದಣ್ಣನೂ ಸೊರಗತೊಡಗಿದ. ಹೆಂಡತಿಯ ತಾಯಿ ಎಂದಲ್ಲ, ಅತ್ತೆ ಎಂದರೆ ಅವನಿಗೆ ನಿಜವಾಗಿ ಪ್ರೀತಿ.

ಒಂದು ಸಂಜೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೊರಟಾಗ ಪವಾಡ ನಡೆಯಿತು. ಕಾರು ಬೀದಿಯ ತುದಿಯ ಔಷಧಿ ಅಂಗಡಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆಹೋಗಿದ್ದರು. ಕಣ್ಣಿನ ಡಾಕ್ಟರು ಅವರ ಕಣ್ಣು ನೋಡುವ ಪ್ರಶ್ನೆಯೇ ಬರಲಿಲ್ಲ. ಅಂದಿನಿಂದ ದಿನವೂ ಸಂಜೆ ಐದೂವರೆಗೆ ಒಂದು ಸುತ್ತು: ಮಾರುಕಟ್ಟೆ, ಕೆರೆಯ ಏರಿ, ಹಳೇ ಸೇತುವೆ, ಮತ್ತೆ ಮನೆ. ಆ ಒಂದು ಗಂಟೆಯ ನಿದ್ದೆಯೇ ಹೆಪ್ಪಾಗಿ, ರಾತ್ರಿಯ ನಿದ್ದೆಯೂ ಗಟ್ಟಿಯಾಗಿ ಕೂಡಿಬರತೊಡಗಿತು. ಉಪ್ಪು ಉಪ್ಪಿನ ಡಬ್ಬಕ್ಕೆ ಮರಳಿತು.

ಕಾರಣವೇನು ಎಂದು ಎಲ್ಲರೂ ಕೇಳಿದರು. ತಿದ್ದಣ್ಣ ಕಿವಿಗೊಟ್ಟು ಕೇಳಿದ. ಎಂಜಿನ್ನಿನಿಂದ 'ಗುಂಯ್' ಎಂದು ಒಂದು ಮೆಲುದನಿ ಒಂದೇ ಸಮನೆ ಬರುತ್ತಿತ್ತು. ಅದೇ ಕಾರಣ ಎಂದು ತೀರ್ಮಾನಿಸಿದ.

"ಎಂಜಿನ್ ಶ್ರುತಿ ಹಿಡಿದಿದೆ," ಎಂದ ಪಕ್ಕದ ಮನೆಯ ಮೇಷ್ಟರಿಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಕೆಟ್ಟಿರಲಿಲ್ಲ. "ಸುಮ್ನೆ ಬರಲ್ಲ ಮೇಷ್ಟ್ರೇ ಅದು. ಆರು ವರ್ಷ ಹಿಡೀತು ನನಗೆ, ಪಳಗಿಸೋಕೆ."

ನಿವೃತ್ತ ಮೇಷ್ಟರಿಗೂ ನಿದ್ದೆಯ ಬರ. ಮಾರನೆಯ ಸಂಜೆ ಮುಂದಿನ ಸೀಟಿನಲ್ಲಿ ಕೂತರು. ಮಾರುಕಟ್ಟೆಯಲ್ಲಿ ಬಾಯಿ ತೆರೆದರು, ಮನೆಯ ಗೇಟಿನಲ್ಲಿ ಮುಚ್ಚಿದರು. ಅವರ ಬಾಯಿಂದ ಸುದ್ದಿ ಎದುರು ಮನೆಯ ದರ್ಜಿಗೆ, ದರ್ಜಿಯ ಅಂಗಡಿಯಿಂದ ಇಡೀ ಬೀದಿಗೆ. ವಾರದೊಳಗೆ ಗೇಟಿನ ಮೇಲೆ ಸರದಿಯ ಪಟ್ಟಿ ನೇತುಬಿತ್ತು. ಅತ್ತೆಗೂ ಹೆಂಡತಿಗೂ ಕಾಯಂ ಜಾಗ, ಉಳಿದ ಎರಡಕ್ಕೆ ಪಾಳಿ. ಸಂಜೆಯ ಹೊಂಬಿಸಿಲಿನಲ್ಲಿ, ಅಂಗಡಿಗಳು ಒಂದೊಂದೇ ದೀಪ ಹಚ್ಚುವ ಹೊತ್ತಿಗೆ, ಮಜ್ಜಿಗೆ ಬಣ್ಣದ ಆ ಕಾರು ನಡಿಗೆಗಿಂತ ಸ್ವಲ್ಪ ಮಾತ್ರ ಹೆಚ್ಚಿನ ವೇಗದಲ್ಲಿ ತೇಲಿಹೋಗುತ್ತಿತ್ತು. ಒಳಗೆ ನಾಲ್ಕು ತಲೆಗಳು ತಿರುವು ಬಂದಾಗ ಒಟ್ಟಿಗೆ ಎಡಕ್ಕೆ ವಾಲುತ್ತಿದ್ದವು, ಒಟ್ಟಿಗೆ ಬಲಕ್ಕೆ ವಾಲುತ್ತಿದ್ದವು. ಚಕ್ರ ಹಿಡಿದವನೊಬ್ಬನೇ ಎಚ್ಚರ. ತುಟಿ ಅಲ್ಲಾಡಿಸುತ್ತ, ಎಡಬಲದ ಬೋರ್ಡುಗಳನ್ನು ನೋಡುತ್ತ, ಅವನು ಯಾವುದೋ ಲೋಕದಲ್ಲಿರುತ್ತಿದ್ದ. ಎಂಜಿನ್ನಿನ ಶ್ರುತಿ ಕೇಳುತ್ತಿದ್ದಾನೆ ಎಂದು ಬೀದಿಯವರು ಗೌರವದಿಂದ ದಾರಿ ಬಿಡುತ್ತಿದ್ದರು.

ಹೀಗಿರುವಾಗ ಕಾರಿನ ಕಂಪನಿಯಿಂದ ಒಂದು ಪತ್ರ ಬಂತು.

ತಿದ್ದಣ್ಣ ಲಕೋಟೆ ಬಿಡಿಸಿದ, ಜೇಬಿನಿಂದ ಕೆಂಪು ಪೆನ್ನು ತೆಗೆದ, ಅರ್ಧ ಗಂಟೆ ಕೂತ. ಆಮೇಲೆ ಅದೇ ಪತ್ರವನ್ನು ಹೊಸ ಲಕೋಟೆಗೆ ಹಾಕಿ ಕಂಪನಿಯ ವಿಳಾಸ ಬರೆದ.

"ಏನ್ರೀ ಅದು?" ಎಂದಳು ಹೆಂಡತಿ.

"ಕಾರಿನ ಕಂಪನಿಯವರ ಪತ್ರ."

"ಏನ್ ಬರ್ದಿದಾರೆ?"

ತಿದ್ದಣ್ಣ ಯೋಚಿಸಿದ. ಏನು ಬರೆದಿದ್ದರು ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ. "ಹದಿನೇಳು ತಪ್ಪು ಬರ್ದಿದಾರೆ," ಎಂದ.

ಕಾರು ಇಟ್ಟುಕೊಂಡವರು ಇಲ್ಲಿ ಒಂದು ವಿಷಯ ಗಮನಿಸತಕ್ಕದ್ದು. ಕಂಪನಿಯಿಂದ ಬಂದ ಪತ್ರವನ್ನು ಓದಬೇಕು. ತಿದ್ದುವುದು ಬೇರೆ, ಓದುವುದು ಬೇರೆ.

ಹನ್ನೆರಡು ದಿನದ ಮೇಲೆ ಎರಡನೆಯ ಪತ್ರ ಬಂತು. ಹದಿನೇಳು ತಪ್ಪುಗಳೂ ಸರಿಯಾಗಿದ್ದವು. ಕೆಳಗೆ ಯಾರೋ ಕೈಯಿಂದ 'ತಮ್ಮ ಸಲಹೆಗೆ ಧನ್ಯವಾದ, ದಯವಿಟ್ಟು ತುರ್ತಾಗಿ ಬನ್ನಿ' ಎಂದು ಬರೆದಿದ್ದರು. ತಿದ್ದಣ್ಣನ ಎದೆ ಒಂದು ಗೇಣು ಉಬ್ಬಿತು. ಪತ್ರ ಹಿಡಿದುಕೊಂಡು ಗೇಟಿಗೆ ಬಂದ.

"ಕಂಪನಿಯವರು ನನ್ನ ಸಲಹೆ ಕೇಳಿದಾರೆ," ಎಂದ ದರ್ಜಿಗೆ. "ತುರ್ತಾಗಿ ಬರಬೇಕಂತೆ."

"ಎಂಜಿನ್ ಪಳಗಿಸೋದು ಹೇಗೆ ಅಂತ ಕೇಳ್ತಾರೇನೋ," ಎಂದ ದರ್ಜಿ. ಅವನ ಕೊರಳಲ್ಲಿ ಟೇಪು, ಕಣ್ಣಲ್ಲಿ ಭಕ್ತಿ.

"ಇರಬಹುದು," ಎಂದ ತಿದ್ದಣ್ಣ.

ಅಲ್ಲೇ ನಿಂತಿದ್ದ ಮೇಷ್ಟರು ಪತ್ರ ಇಸಿದುಕೊಂಡರು. ಮೂವತ್ತೈದು ವರ್ಷ ಪಾಠ ಹೇಳಿದವರು. ಬರೆದದ್ದು ಯಾವುದೇ ಇರಲಿ, ಅದಕ್ಕೊಂದು ಅರ್ಥ ಇರಲೇಬೇಕೆಂಬ ಹಟ ಅವರದು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಸದರಿ ವಾಹನದ ಎಂಜಿನ್ನಿನಲ್ಲಿ ಸರಪಳಿಯನ್ನು ಬಿಗಿಯಾಗಿ ಹಿಡಿಯುವ ಒಂದು ಭಾಗ ತಯಾರಿಕೆಯ ದೋಷದಿಂದ ಬೇಗ ಸವೆಯುತ್ತಿದೆ. ಇದರಿಂದ ವಾಹನ ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗಿ ಅಪಘಾತವಾಗುವ ಸಂಭವವಿದೆ. ಮುನ್ಸೂಚನೆಯಾಗಿ ಒಂದೇ ಸಮನೆ ಗುಂಯ್‌ಗುಡುವ ಸದ್ದು ಕೇಳಬಹುದು. ಆ ಭಾಗವನ್ನು ಉಚಿತವಾಗಿ ಬದಲಾಯಿಸಿ, ಸದ್ದನ್ನು ಸಂಪೂರ್ಣವಾಗಿ ನಿವಾರಿಸಿಕೊಡಲಾಗುವುದು.

ದರ್ಜಿ ಕೊರಳಿನ ಟೇಪನ್ನು ಬಿಗಿಯಾಗಿ ಹಿಡಿದುಕೊಂಡ.

"ಸದ್ದು ತೆಗೀತಾರಂತಾ?" ಎಂದ ದರ್ಜಿ ಮೆಲ್ಲಗೆ.

"ಸಂಪೂರ್ಣವಾಗಿ ಅಂತ ಬರ್ದಿದೆ," ಎಂದರು ಮೇಷ್ಟರು.

ಎಂಜಿನ್ ನಿಂತುಹೋಗುತ್ತದೆ ಎಂಬ ಮಾತು ಗಾಳಿಗೆ ಹೋಯಿತು. ಸದ್ದು ಹೋಗುತ್ತದೆ ಎಂಬ ಮಾತು ಬೀದಿಯ ಎದೆಗೆ ನಾಟಿತು. ಅರ್ಧ ಗಂಟೆಯಲ್ಲಿ ಸಭೆ ಸೇರಿತು. ಈ ಕಾರಿನಲ್ಲಿ ಮಲಗಲು ಶುರುಮಾಡಿದ ಮೇಲೆ ತಾನು ಒಂದೇ ಒಂದು ತೋಳನ್ನೂ ತಿರುವುಮುರುವಾಗಿ ಹೊಲಿದಿಲ್ಲ ಎಂದು ದರ್ಜಿ ಸಾಕ್ಷಿ ನುಡಿದ. ಮೇಷ್ಟರು ಅಲ್ಲೇ ಒಂದು ಅರ್ಜಿ ಬರೆದರು: 'ಸದರಿ ದೋಷವು ಸಾರ್ವಜನಿಕರಿಗೆ ಉಪಯುಕ್ತವಾಗಿರುವುದರಿಂದ, ಅದನ್ನು ಸದರಿ ಬೀದಿಗೆ ಬಿಟ್ಟುಕೊಡಬೇಕಾಗಿ ವಿನಂತಿ.' ಮೂವತ್ತೊಂದು ಸಹಿ ಬಿದ್ದವು. ಒಬ್ಬರು ಸೈಕಲ್ಲಿನಲ್ಲಿ ಹಾದುಹೋಗುತ್ತಿದ್ದವರು, ವಿಷಯ ತಿಳಿಯದೆ ಹಾಕಿದರು.

ಅರ್ಜಿ ಕಳಿಸುವ ಮೊದಲು ಒಂದು ಮಾತು ತಿಳಿಸೋಣವೆಂದು ಸರ್ವಿಸ್ ಸೆಂಟರಿಗೆ ಫೋನು ಮಾಡಿದರು. ಅಲ್ಲಿ ಗಾಡಿಗಳನ್ನು ಬರಮಾಡಿಕೊಳ್ಳುವ ಮೇಡಂ ಎತ್ತಿಕೊಂಡರು.

"ಗಾಡಿ ಯಾವತ್ತು ತರ್ತೀರಾ ಸರ್?"

"ತರಲ್ಲಮ್ಮ," ಎಂದರು ಮೇಷ್ಟರು.

"ಪೂರ್ತಿ ಉಚಿತ ಸರ್. ಗಾಡಿ ಹಳೇದಾಗಿದ್ರೂ ಪರವಾಗಿಲ್ಲ, ಇನ್ನೊಬ್ರಿಂದ ತಗೊಂಡಿದ್ರೂ ಪರವಾಗಿಲ್ಲ. ಗಾಡಿಯ ನಂಬರ್ ನಮ್ಮ ಪಟ್ಟಿಯಲ್ಲಿದ್ರೆ ಆಯ್ತು."

"ನಂಬರ್ ಇದೆ. ಆದ್ರೆ ದೋಷ ನಮಗೆ ಒಗ್ಗಿಹೋಗಿದೆ."

ಆ ಕಡೆ ಕಾಗದ ಮಗುಚಿದ ಸದ್ದು. "ಸರ್, ಎಂಜಿನ್ ನಡುರಸ್ತೇಲಿ ನಿಲ್ಲುತ್ತೆ."

"ನಿಲ್ಲಲಿ. ಒಳಗಿರೋರು ಹೇಗೂ ಮಲಗಿರ್ತೀವಿ."

ಮೇಡಂ ಫೋನನ್ನು ಗಾಡಿಯ ಮಾಲೀಕರಿಗೆ ಕೊಡಿ ಎಂದರು. ತಿದ್ದಣ್ಣ ಆಗಲೇ ಒಳಗೆ ಹೋಗಿದ್ದ. ಅವನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಗಾಡಿ ಕೊಟ್ಟರೆ ಅತ್ತೆಯ ನಿದ್ದೆ ಹೋಗುತ್ತದೆ, ಕೊಡದಿದ್ದರೆ ಅತ್ತೆಯ ಜೀವಕ್ಕೇ ಕುತ್ತು ಬರಬಹುದು. ಇದರ ಮೇಲೆ, ಆರು ವರ್ಷ ಪಳಗಿಸಿದ ಶ್ರುತಿ ಬರೀ ಸವೆದ ತುಂಡಿನ ನರಳಾಟವೆಂದು ಬೀದಿಗೆ ಹೊಳೆದುಬಿಟ್ಟರೆ ಮುಖ ಎತ್ತುವುದು ಹೇಗೆ?

"ಗಾಡಿ ಕೊಟ್ಟು ಬನ್ನಿ," ಎಂದಳು ಹೆಂಡತಿ. "ಮೊದಲು ಅಮ್ಮ ಇರ್ಬೇಕು. ನಿದ್ದೆ ಎಲ್ಲೂ ಹೋಗಲ್ಲ."

"ಹೇಗೆ ಹೋಗಲ್ಲ? ಸದ್ದೇ ಇಲ್ದಿದ್ರೆ?"

ಅವಳು ಏನೋ ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ಸುಮ್ಮನಾದಳು.

"ಇದೊಂದು ವಾರ," ಎಂದ ತಿದ್ದಣ್ಣ. ಜಗತ್ತಿನಲ್ಲಿ ಕೆಟ್ಟ ಎಂಜಿನ್ನುಗಳೆಲ್ಲ ಈ ಒಂದು ವಾರದಲ್ಲೇ ಕೆಟ್ಟಿರುವುದು.

ನಾಲ್ಕನೆಯ ದಿನ. ಕೆರೆಯ ನೀರಿನ ಮೇಲೆ ಬಿಸಿಲು ಕರಗುತ್ತಿತ್ತು. ಕಾರು ಹಳೇ ಸೇತುವೆಯ ನಡುವೆ ಬಂದಿತ್ತು. ಪಕ್ಕದಲ್ಲಿ ಮೇಷ್ಟರು, ಹಿಂದೆ ಅತ್ತೆ, ಹೆಂಡತಿ, ದರ್ಜಿ, ನಾಲ್ವರೂ ನಿದ್ದೆಯಲ್ಲಿ. 'ಟಕ್' ಎಂದಿತು. ಅಷ್ಟೇ. ಗುಂಯ್ ನಿಂತಿತು, ಎಂಜಿನ್ ನಿಂತಿತು, ಕಾರು ತನ್ನ ಪಾಡಿಗೆ ನಾಲ್ಕು ಮಾರು ಉರುಳಿ ನಿಂತಿತು. ಹಿಂದೆ ಒಂದು ಲಾರಿ ಕಿರ್ರೆಂದು ಬಂದು ಒಂದು ಗೇಣಿನ ದೂರದಲ್ಲಿ ನಿಂತದ್ದನ್ನು ತಿದ್ದಣ್ಣ ಕನ್ನಡಿಯಲ್ಲಿ ನೋಡಿದ. ಲಾರಿಯ ಮೂತಿಯ ಕೆಳಗೆ ಅತ್ತೆಯ ಬಿಳಿ ತಲೆ ಕಾಣುತ್ತಿತ್ತು. ಇದೊಂದು ವಾರ ಎಂದ ನಾಲಿಗೆಯನ್ನು ಕಿತ್ತುಹಾಕಬೇಕು ಅನ್ನಿಸಿತು.

ಏನು ಮಾಡಬೇಕೆಂದು ತೋಚದೆ ಜೇಬಿನಿಂದ ಕಂಪನಿಯ ಪತ್ರ ತೆಗೆದ. ಏನಾದರೂ ಉಪಾಯ ಬರೆದಿದ್ದರೆ ಅದರಲ್ಲೇ ಬರೆದಿರಬೇಕು. ಅಭ್ಯಾಸಬಲದಿಂದ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ.

"ಮಾನ್ಯ ವಾಹನ ಮಾಲೀಕರೇ ಅಲ್ಪವಿರಾಮ ಹೊಸ ಸಾಲು ತಮ್ಮ ಸುರಕ್ಷತೆಯೇ ನಮ್ಮ ಆದ್ಯತೆ ಪೂರ್ಣವಿರಾಮ..."

ಸಂಚಾರಿ ಪೋಲೀಸು ಸೀಟಿ ಊದುತ್ತ ಬಂದು ಕಿಟಕಿಗೆ ಬಗ್ಗಿದ. "ಏನ್ರೀ ಇದು, ಸೇತುವೆ ನಿಮ್ಮನೇದಾ? ತೆಗೀರಿ ಗಾಡಿ."

"ಸ್ವಲ್ಪ ಇರಿ ಸರ್, ಎರಡನೇ ಪ್ಯಾರಾದಲ್ಲಿದೀನಿ," ಎಂದ ತಿದ್ದಣ್ಣ, ಮತ್ತೆ ಮುಂದುವರಿಸಿದ.

ಪೋಲೀಸು ಗದರಿಸಲು ಬಾಯಿ ತೆರೆದ. ಅದು ಆಕಳಿಕೆಯಾಗಿ ಮುಗಿಯಿತು. ಮೊಣಕೈಯನ್ನು ಕಿಟಕಿಗೆ ಊರಿದ. ಮೂರನೆಯ ಪ್ಯಾರಾಕ್ಕೆ ಗಲ್ಲವನ್ನು ಅಂಗೈಗೆ ಊರಿದ. ನಾಲ್ಕನೆಯದಕ್ಕೆ ಸೀಟಿ ತುಟಿಯಿಂದ ಜಾರಿ ದಾರದಲ್ಲಿ ತೂಗಾಡಿತು. ಜಗಳಕ್ಕೆಂದು ತೋಳು ಮಡಚಿ ಇಳಿದುಬಂದ ಲಾರಿ ಡ್ರೈವರು ಎರಡು ಸಾಲು ಕೇಳಿ ಸೇತುವೆಯ ಕಟ್ಟೆಯ ಮೇಲೆ ಕೂತ, ಕೂತವನು ಒರಗಿದ. ಹಿಂದೆ ಹಾರನ್ನುಗಳು ಒಂದೊಂದೇ ಕ್ಷೀಣವಾದವು. ಕೆರೆಯ ಮೇಲಿಂದ ತಂಗಾಳಿ ಬೀಸಿತು. ಎಂಜಿನ್ ಸತ್ತು ಹತ್ತು ನಿಮಿಷವಾಗಿತ್ತು. ಕಾರಿನೊಳಗೆ ಯಾರ ರೆಪ್ಪೆಯೂ ಅಲುಗಿರಲಿಲ್ಲ. ಇದರಲ್ಲಿ ಯೋಚಿಸತಕ್ಕದ್ದು ಏನೋ ಇದೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಎಚ್ಚರವಿದ್ದವನು ತಿದ್ದಣ್ಣನೊಬ್ಬನೇ.

ಪತ್ರದ ಹಿಂಬದಿಯ ಕೊನೆಯ ಸಾಲಿನಲ್ಲಿ ಇತ್ತು: ವಾಹನ ನಿಂತರೆ ಕೂಡಲೇ ಎಲ್ಲರೂ ಇಳಿದು ಸುರಕ್ಷಿತ ಜಾಗಕ್ಕೆ ಹೋಗಿ, ಕೆಳಗಿನ ನಂಬರಿಗೆ ಕರೆಮಾಡಿ. ಆ ಸಾಲಿನ ಅಲ್ಪವಿರಾಮವನ್ನು ಹಾಕಿದವನು ಅವನೇ. ಈಗ ಮೊದಲ ಸಲ ಅದರ ಅರ್ಥ ಅವನೊಳಗೆ ಇಳಿಯಿತು. ಓದು ನಿಲ್ಲಿಸಿದ. ಅವನು ನಿಲ್ಲಿಸಿದ ಕೂಡಲೇ ಪೋಲೀಸು ಬೆಚ್ಚಿ ಸೀಟಿ ಹುಡುಕಿದ, ಲಾರಿಯವನು ಎದ್ದ, ಮೇಷ್ಟರು "ಮನೆ ಬಂತಾ?" ಎಂದರು.

ಕಂಪನಿಯವರು ಬಂದು ಗಾಡಿಯನ್ನು ಎಳೆದುಕೊಂಡು ಹೋದರು. ಎರಡು ದಿನದ ಮೇಲೆ ತಿದ್ದಣ್ಣ ಹೆಂಡತಿಯ ಜೊತೆ ಸರ್ವಿಸ್ ಸೆಂಟರಿನಲ್ಲಿ ಕೂತಿದ್ದ. ಗಾಜಿನ ಆಚೆ ಅವನ ಕಾರು ಹೊಟ್ಟೆ ತೋರಿಸಿಕೊಂಡು ಮೇಲೇರಿತ್ತು. ಫೋನಿನ ಮೇಡಂ ಒಂದು ತುಂಡನ್ನು ಬಟ್ಟೆಯಲ್ಲಿ ಒರೆಸಿ ಅವನ ಅಂಗೈಗೆ ಇಟ್ಟರು. ಹೆಬ್ಬೆರಳಿನಷ್ಟಿತ್ತು. ಒಂದು ಅಂಚು ಪೂರ್ತಿ ಸವೆದಿತ್ತು.

"ಇಷ್ಟೇನಾ?" ಎಂದ.

"ಇಷ್ಟೇ ಸರ್. ಪತ್ರ ಬಂದ ದಿನವೇ ತಂದಿದ್ರೆ ಅರ್ಧ ದಿನದ ಕೆಲಸ. ಲಾರಿಯವನು ಒಳ್ಳೇ ಬ್ರೇಕ್ ಇಟ್ಕೊಂಡಿದ್ದ, ನಿಮ್ಮ ಪುಣ್ಯ." ಆಮೇಲೆ ಮೇಜಿನ ಮೇಲಿನ ಅರ್ಜಿಯನ್ನು ಎತ್ತಿದರು. "ಹನ್ನೊಂದು ವರ್ಷ ಆಯ್ತು ನಾನು ಇಲ್ಲಿ ಸೇರಿ. ದೋಷ ಬೇಕು ಅಂತ ಮೂವತ್ತೊಂದು ಜನ ಸಹಿ ಹಾಕಿದ್ದು ಇದೇ ಮೊದಲು. ಇದನ್ನ ಯಾವ ಫೈಲಿಗೆ ಹಾಕ್ಲಿ ಅಂತ ಗೊತ್ತಾಗ್ತಿಲ್ಲ. ಇರ್ಲಿ, ಇಲ್ಲೊಂದು ಸಹಿ ಮಾಡಿ. ಕೆಲಸ ಆಯ್ತು ಅನ್ನೋ ಪತ್ರ, ಜೋಪಾನವಾಗಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ."

ಈ ಸಲ ಬುದ್ಧಿ ಕಲಿತಿದ್ದ ತಿದ್ದಣ್ಣ ಕಾಗದವನ್ನು ಪೂರ್ತಿ ಓದಿಯೇ ಸಹಿ ಮಾಡಲು ನಿರ್ಧರಿಸಿದ. ಓದತೊಡಗಿದ, ಎಂದಿನ ದನಿಯಲ್ಲಿ. ಅರ್ಧಕ್ಕೆ ಬಂದಾಗ ಮೇಡಂ ಮೇಜಿನ ಅಂಚನ್ನು ಹಿಡಿದುಕೊಂಡರು.

"ಸರ್, ದಯವಿಟ್ಟು ಮನಸ್ಸಲ್ಲೇ ಓದ್ಕೊಳ್ಳಿ. ನನಗೆ ಇನ್ನೂ ನಾಲ್ಕು ಗಾಡಿ ಇದೆ."

ತಿದ್ದಣ್ಣ ತಲೆಯೆತ್ತಿದ. ಆ ನಾಲ್ಕು ಗಾಡಿಗಳ ಮಾಲೀಕರು ಎದುರಿನ ಸೋಫಾದಲ್ಲಿ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಸಾಲಾಗಿ ಮಲಗಿದ್ದರು. ಅವನು ಅವರನ್ನು ನೋಡಿದ, ಕಾಗದ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಕಣ್ಣುಜ್ಜಿಕೊಳ್ಳುತ್ತಿದ್ದಳು.

"ಯಾವಾಗಿಂದ ಇದು?"

"ಮದುವೆ ಆದಾಗಿಂದ," ಎಂದಳು ಅವಳು. "ಗಾಡಿ ಓಡಿಸ್ತಾ ಎಲ್ಲಾ ಬೋರ್ಡೂ ಓದ್ತೀರಿ ನೀವು. ಗೊತ್ತಿಲ್ವಾ ನಿಮಗೆ?"

"ಹೇಳ್ಬಾರದಾಗಿತ್ತಾ?"

"ಎಂಜಿನ್ ಅಂತ ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ?"

ತಿದ್ದಣ್ಣನಿಗೆ ಮೂಲಪ್ರತಿ ಹಿಡಿಯಲು ಬಂದು ಹೋದವರೆಲ್ಲರ ಮುಖಗಳು ಸಾಲಾಗಿ ನೆನಪಾದವು. ಕೋಣೆಯ ಗಾಳಿ ಬೆಳಕಿನ ಬಗ್ಗೆ ಅವನು ಮುದ್ರಣಾಲಯದ ಮಾಲೀಕರಿಗೆ ಒಂಬತ್ತು ಸಲ ದೂರು ಕೊಟ್ಟಿದ್ದ. ಇಪ್ಪತ್ತೆರಡು ವರ್ಷ ಜನ ತನ್ನ ಓದು ಕೇಳುತ್ತಿದ್ದಾರೆಂದು ತಿಳಿದವನಿಗೆ ಅವರೆಲ್ಲ ಮಲಗುತ್ತಿದ್ದರೆಂದು ಗೊತ್ತಾದರೆ ಹೇಗಾಗಬೇಡ? ಅವನಿಗೆ ಅಳು ಬಂತು. ಅಳಲಿಲ್ಲ, ಸಹಿ ಹಾಕಿದ. ಗಾಜಿನ ಆಚೆ ಕಾರು ಬೆಕ್ಕಿನ ಹೆಜ್ಜೆಯಲ್ಲಿ ಸದ್ದಿಲ್ಲದೆ ಕೆಳಗಿಳಿಯಿತು.

ಅಂದಿನಿಂದ ಅವನು ಬಾಯಿಗೆ ಬೀಗ ಹಾಕಿದ. ಸಂಜೆಯ ಸುತ್ತು ತಪ್ಪಲಿಲ್ಲ, ಆದರೆ ತುಟಿ ಬಿಚ್ಚಲಿಲ್ಲ. ಎಂಜಿನ್ ಮೌನ, ಚಾಲಕ ಮೌನ. ಒಳಗೆ ಕೂತವರು ಬೇತಾಳನನ್ನು ಕಂಡವರ ಹಾಗೆ ಕಣ್ಣರಳಿಸಿ ಕೂತಿರುತ್ತಿದ್ದರು. ಮೂರು ದಿನದಲ್ಲಿ ದರ್ಜಿ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದ. ಉಪ್ಪು ಮತ್ತೆ ಸಕ್ಕರೆಯ ಡಬ್ಬಕ್ಕೆ ಬಂತು. ರಿಪೇರಿಯಿಂದಲೇ ಹೀಗಾಯಿತೆಂದು ಮೇಷ್ಟರು ಎರಡನೆಯ ಅರ್ಜಿ ಬರೆಯತೊಡಗಿದರು. ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಅವರ ಕಣ್ಣಿನ ಕೆಳಗೆ ಮಾತ್ರ ಹಳೆಯ ಕಪ್ಪು ಮೂಡಿತು. ಅದನ್ನು ತಿದ್ದಣ್ಣ ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದ. ಆದರೂ ಬಾಯಿ ತೆರೆದರೆ ನಗೆಪಾಟಲು ಎಂದು ಹಲ್ಲು ಕಚ್ಚಿದ.

ನಾಲ್ಕನೆಯ ಸಂಜೆ ಕಾರಿನಲ್ಲಿ ಮನೆಯವರು ಮೂವರೇ. ಬೀದಿಯ ತುದಿ ಬಂತು. ಔಷಧಿ ಅಂಗಡಿಯ ಬೋರ್ಡಿನ ದೀಪ ಆಗತಾನೆ ಹತ್ತಿತು.

"ಅಳಿಯಂದ್ರೇ," ಎಂದರು ಅತ್ತೆ ಹಿಂದಿನಿಂದ. "ಅಲ್ಲಿ ಬೋರ್ಡಲ್ಲಿ ಏನೋ ಬರ್ದಿದೆ. ನನ್ನ ಕನ್ನಡಕ ಮನೇಲೇ ಉಳೀತು. ಸ್ವಲ್ಪ ಓದಿ ಹೇಳ್ತೀರಾ?"

ತಿದ್ದಣ್ಣ ಕನ್ನಡಿಯಲ್ಲಿ ನೋಡಿದ. ಕನ್ನಡಕ ಅತ್ತೆಯ ಮೂಗಿನ ಮೇಲೇ ಇತ್ತು. ಅದರ ಎರಡು ಗಾಜಿನಲ್ಲೂ ಅಂಗಡಿಯ ದೀಪ ಹೊಳೆಯುತ್ತಿತ್ತು. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅವನು ಗಂಟಲು ಸರಿಮಾಡಿಕೊಂಡ. "ಔಷಧಿ ಅಂಗಡಿ ಪೂರ್ಣವಿರಾಮ," ಎಂದ. "ಹೊಸ ಸಾಲು. ಎಲ್ಲ ಬಗೆಯ ಔಷಧಿಗಳು ದೊರೆಯುತ್ತವೆ ಅಲ್ಪವಿರಾಮ..."

"ಹ್ಞೂಂ," ಎಂದರು ಅತ್ತೆ. "ಆಮೇಲೆ?"

ಮಾರುಕಟ್ಟೆಯ ಹೊತ್ತಿಗೆ ಆ 'ಹ್ಞೂಂ' ನಿಂತಿತು. ಹೆಂಡತಿ ಕೈಚಾಚಿ ತಾಯಿಯ ಕನ್ನಡಕವನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೆರೆಯ ಏರಿಯಲ್ಲಿ ಅವಳೂ ಒರಗಿದಳು. ಈಗ ಸದ್ದಿಲ್ಲದ ಎಂಜಿನ್ನು ಮೂವರನ್ನೂ ಸೇತುವೆ ದಾಟಿಸಿತು. ಮನೆಯ ಗೇಟು ಬಂದಾಗ ತಿದ್ದಣ್ಣ ನಿಲ್ಲಿಸಲಿಲ್ಲ. ಎಡಬದಿಯ ಬೋರ್ಡುಗಳನ್ನು ಓದುವುದು ಇನ್ನೂ ಬಾಕಿ ಇತ್ತು. ಅವನು ಇನ್ನೊಂದು ಸುತ್ತು ಹೊರಟ.